ಸೋತವರಿಗೂ ಇನ್ನೊಂದು ಪಂದ್ಯ: ಸ್ನೂಕರಿನ ಗುಂಪು ಹಂತದ ಕಥೆ

ಮಂಗಳೂರಿನ ಸ್ನೂಕರ್ ಆಟಗಾರರಿಗೆ ದೊಡ್ಡ ಪಂದ್ಯಾಟವೆಂದರೆ ಬಹುಮಟ್ಟಿಗೆ ಬೆಂಗಳೂರು. ರಾತ್ರಿ ಬಸ್ಸು ಹಿಡಿದು, ಶಿರಾಡಿ ಘಾಟಿ ಹತ್ತಿ, ಸುಮಾರು 350 ಕಿಲೋಮೀಟರ್ ಕ್ರಮಿಸಿ, ಬೆಳಗ್ಗೆ ಇಳಿದವರೇ ಕ್ಯೂ ಪೆಟ್ಟಿಗೆ ಹೆಗಲಿಗೇರಿಸಿ ಸಭಾಂಗಣ ಸೇರಬೇಕು. ಅಲ್ಲಿ ನೇರ ನಾಕೌಟ್ ಇದ್ದರೆ, ಐದು ಫ್ರೇಮುಗಳ (ಬಿಡಿ ಆಟಗಳ) ಮೊದಲ ಪಂದ್ಯವನ್ನು 3–0ರಿಂದ ಸೋತವರ ಕೆಲಸ ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗಿದಿರುತ್ತದೆ. ಹೊಸ ಟೇಬಲ್ಲಿನ ವೇಗ, ಕುಶನ್ನಿನ ಪುಟಿತ, ಬೆಳಕು ಇವೆಲ್ಲ ಕೈಗೂ ಕಣ್ಣಿಗೂ ಒಗ್ಗುವ ಹೊತ್ತಿಗೆ ಊರಿಗೆ ಮರಳುವ ಬಸ್ಸು ಹುಡುಕಬೇಕು.

ಈ ಕೊರತೆಗೆ ಸ್ನೂಕರ್ ಜಗತ್ತು ಕಂಡುಕೊಂಡ ಉತ್ತರವೇ ಗುಂಪು ಹಂತ. ಕರಾವಳಿಯ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹೊನಲು ಬೆಳಕಿನ ಕಬಡ್ಡಿ, ಅಂಡರ್ ಆರ್ಮ್ ಕ್ರಿಕೆಟ್ ಪಂದ್ಯಾಟಗಳ ಬ್ಯಾನರುಗಳಲ್ಲಿ ಕಾಣುವ ‘ಲೀಗ್ ಕಮ್ ನಾಕೌಟ್’ ಎಂಬ ಮಾತೇ ಇಲ್ಲಿಯೂ ನಡೆಯುತ್ತದೆ. ಮೊದಲು ಗುಂಪಿನೊಳಗೆ ಪ್ರತಿಯೊಬ್ಬರೂ ಉಳಿದ ಎಲ್ಲರೊಡನೆ ಆಡಬೇಕು. ಮುಂದಿನ ಸುತ್ತಿಗೆ ಯಾರು ಎಂಬುದು ಆ ಮೇಲಿನ ಮಾತು. ಹನ್ನೊಂದು ಮಂದಿಯ ಕ್ರಿಕೆಟಿಗೆ, ಏಳು ಮಂದಿಯ ಕಬಡ್ಡಿಗೆ ಸಹಜವಾಗಿ ಹೊಂದುವ ಈ ಕ್ರಮ, ಒಬ್ಬರ ಎದುರು ಒಬ್ಬರೇ ನಿಂತು ತಾಸುಗಟ್ಟಲೆ ಆಡುವ ಸ್ನೂಕರಿಗೆ ಬಂದಾಗ ಆಟದ ಲೆಕ್ಕಾಚಾರವೇ ಬದಲಾಗುತ್ತದೆ.

ವೃತ್ತಿಪರ ಸ್ನೂಕರಿನಲ್ಲಿ ಈ ಪದ್ಧತಿಯನ್ನು ತನ್ನ ಗುರುತಾಗಿ ಮಾಡಿಕೊಂಡಿರುವುದು ‘ಚಾಂಪಿಯನ್‌ಶಿಪ್ ಲೀಗ್’. ಕ್ರೀಡಾ ಸಂಘಟಕ ಬ್ಯಾರಿ ಹರ್ನ್ ಅವರ ಮ್ಯಾಚ್‌ರೂಮ್ ಸಂಸ್ಥೆ ಇದನ್ನು 2008ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತ್ಯದ ಒಂದು ಗಾಲ್ಫ್ ಕ್ಲಬ್ಬಿನಲ್ಲಿ ಆರಂಭಿಸಿತು. ಸಾವಿರಾರು ಪ್ರೇಕ್ಷಕರ ಸಭಾಂಗಣ ಇರಲಿಲ್ಲ. ಪಂದ್ಯಗಳು ಮುಖ್ಯವಾಗಿ ಅಂತರ್ಜಾಲದ ನೇರ ಪ್ರಸಾರಕ್ಕೆಂದೇ ನಡೆದವು. ಮೊದಲ ವರ್ಷ ಫೈನಲಿನಲ್ಲಿ ಮಾರ್ಕ್ ಸೆಲ್ಬಿ ಅವರನ್ನು 3–1ರಿಂದ ಸೋಲಿಸಿ ಗೆದ್ದವರು ಜೋ ಪೆರಿ.

ಆ ಮೂಲ ಮಾದರಿಯ ರಚನೆ ಬಹಳ ಜಾಣತನದ್ದು. ಒಂದು ಗುಂಪಿನಲ್ಲಿ ಏಳು ಮಂದಿ. ಪ್ರತಿಯೊಬ್ಬರಿಗೂ ಆರು ಪಂದ್ಯ, ಒಟ್ಟು 21. ಅಂಕಪಟ್ಟಿಯ ಮೊದಲ ನಾಲ್ವರು ಸೆಮಿಫೈನಲ್ ಆಡುತ್ತಾರೆ. ಗುಂಪಿನ ವಿಜೇತರು ನೇರವಾಗಿ ಕೊನೆಯ ‘ವಿಜೇತರ ಗುಂಪಿ’ಗೆ ಹೋಗುತ್ತಾರೆ. ಪಟ್ಟಿಯ ತಳದ ಇಬ್ಬರು ಮನೆಗೆ. ಉಳಿದ ನಾಲ್ವರಿಗೆ ಸೋಲು ಇನ್ನೂ ಕೊನೆಯಲ್ಲ. ಅವರು ಎರಡನೆಯ ಗುಂಪಿಗೆ ಇಳಿಯುತ್ತಾರೆ, ಅಲ್ಲಿ ಮೂವರು ಹೊಸಬರು ಬಂದು ಸೇರಿ ಮತ್ತೆ ಏಳು ಮಂದಿ ಆಗುತ್ತಾರೆ. ಹೀಗೆ ಏಳು ಗುಂಪು ಕಳೆಯುವಾಗ ಒಟ್ಟು 25 ಆಟಗಾರರು ಆಡಿರುತ್ತಾರೆ, ಏಳು ಗುಂಪುಗಳ ವಿಜೇತರು ಕೊನೆಯ ಗುಂಪಿನಲ್ಲಿ ಎದುರುಬದುರಾಗುತ್ತಾರೆ. ಸೋಮವಾರ ಮುಗ್ಗರಿಸಿದವರು ಅದೇ ವಾರ ಮತ್ತೆ ತಲೆಯೆತ್ತಬಹುದು. ಗೆದ್ದ ಪ್ರತಿ ಫ್ರೇಮಿಗೂ ಹಣ ಇರುವುದರಿಂದ ಸೋಲುತ್ತಿರುವ ಪಂದ್ಯದ ಕೊನೆಯ ಫ್ರೇಮನ್ನೂ ಯಾರೂ ಸುಮ್ಮನೆ ಬಿಟ್ಟುಕೊಡುವುದಿಲ್ಲ.

2020ರಲ್ಲಿ ಈ ಪಂದ್ಯಾಟಕ್ಕೆ ಬೇರೆಯೇ ಮಹತ್ವ ಬಂತು. ಕೋವಿಡ್‌ನಿಂದಾಗಿ ಬ್ರಿಟನ್ನಿನ ಕ್ರೀಡಾಂಗಣಗಳೆಲ್ಲ ಮುಚ್ಚಿದ್ದವು. ಆಗ ನೇರ ಪ್ರಸಾರದ ಆಟವಾಗಿ ಬೇಗನೆ ಮರಳಿದವುಗಳಲ್ಲಿ ಸ್ನೂಕರ್ ಒಂದು. ಜೂನ್ 1ರಂದು ಮಿಲ್ಟನ್ ಕೀನ್ಸ್ ನಗರದ ಮಾರ್ಷಲ್ ಅರೀನಾದಲ್ಲಿ, ಪ್ರೇಕ್ಷಕರಿಲ್ಲದೆ, 64 ಆಟಗಾರರ ಚಾಂಪಿಯನ್‌ಶಿಪ್ ಲೀಗ್ ಆರಂಭವಾಯಿತು. ನಾಲ್ವರ 16 ಗುಂಪುಗಳು. ಪ್ರತಿ ಗುಂಪಿನಿಂದ ಒಬ್ಬರು ಮಾತ್ರ ಮುಂದಕ್ಕೆ. ಹನ್ನೊಂದನೆಯ ದಿನ ಬೆಲ್ಜಿಯಂನ ಲುಕಾ ಬ್ರೆಸೆಲ್ ಪ್ರಶಸ್ತಿ ಎತ್ತಿದರು. ಮೂರು ವರ್ಷಗಳ ನಂತರ, 2023ರಲ್ಲಿ, ಅದೇ ಬ್ರೆಸೆಲ್ ಶೆಫೀಲ್ಡಿನಲ್ಲಿ ವಿಶ್ವ ಚಾಂಪಿಯನ್ ಆದರು.

ಅದೇ 2020ರ ಸೆಪ್ಟೆಂಬರಿನಲ್ಲಿ ವಿಶ್ವ ಶ್ರೇಯಾಂಕಕ್ಕೆ ಲೆಕ್ಕವಾಗುವ ರ‍್ಯಾಂಕಿಂಗ್ ಪಂದ್ಯಾಟವಾಗಿಯೂ ಇದು ಬೆಳೆಯಿತು. ಆಗಿನಿಂದ ಈ ಮಾದರಿಯಲ್ಲಿ 128 ಮಂದಿಗೆ ಜಾಗ. ಮೊದಲ ಹಂತದಲ್ಲಿ ನಾಲ್ವರ 32 ಗುಂಪು, ಎರಡನೆಯದರಲ್ಲಿ 8, ಮೂರನೆಯದರಲ್ಲಿ 2, ಬಳಿಕ ಫೈನಲ್. ಕೂಡಿಸಿ ನೋಡಿದರೆ 192, 48, 12 ಮತ್ತು 1: ಒಟ್ಟು 253 ಪಂದ್ಯಗಳು. ಇದೇ 128 ಮಂದಿಯನ್ನು ನಾಕೌಟಿನಲ್ಲಿ ಆಡಿಸಿದರೆ 127 ಪಂದ್ಯಗಳಲ್ಲಿ ಎಲ್ಲ ಮುಗಿಯುತ್ತದೆ, ಮೊದಲ ಸುತ್ತಿನಲ್ಲೇ 64 ಮಂದಿ ಒಂದೇ ಪಂದ್ಯಕ್ಕೆ ಹೊರಬೀಳುತ್ತಾರೆ. ಗುಂಪಿನಲ್ಲಿ ಮೂರು ಪಂದ್ಯ ಆಡದೆ ಒಬ್ಬರೂ ಹೊರಗೆ ಹೋಗುವುದಿಲ್ಲ. ಶ್ರೇಯಾಂಕದ ಕೊನೆಯಲ್ಲಿರುವ ಹೊಸಬರಿಗೆ ಅದೇ ಗುಂಪಿನಲ್ಲಿ ಅಗ್ರಶ್ರೇಣಿಯವರೊಬ್ಬರ ಎದುರು ಆಡುವ ಅವಕಾಶವೂ ಖಚಿತ. ಮೊದಲ ಹಂತದ ಒಂದು ಗುಂಪು ಒಂದೇ ದಿನದಲ್ಲಿ ಮುಗಿಯುತ್ತದೆ.

ಇಲ್ಲಿ ಗುಂಪಿನ ಪಂದ್ಯವೊಂದಕ್ಕೆ ಹೆಚ್ಚೆಂದರೆ ನಾಲ್ಕು ಫ್ರೇಮ್. ಮೂರು ಗೆದ್ದರೆ ಪಂದ್ಯ ಮುಗಿಯಿತು. 2–2 ಆದರೆ ಡ್ರಾ. ಗೆಲುವಿಗೆ ಮೂರು ಅಂಕ, ಡ್ರಾಗೆ ಒಂದು, ಥೇಟ್ ಫುಟ್‌ಬಾಲ್ ವಿಶ್ವಕಪ್ಪಿನ ಗುಂಪುಗಳ ಲೆಕ್ಕ. ಅಂಕಗಳು ಸಮವಾದರೆ ಗೆದ್ದ ಫ್ರೇಮುಗಳಿಗೂ ಸೋತ ಫ್ರೇಮುಗಳಿಗೂ ಇರುವ ಅಂತರವನ್ನು ನೋಡುತ್ತಾರೆ. ಹಾಗಾಗಿ 3–0 ಗೆಲುವಿಗೂ 3–1 ಗೆಲುವಿಗೂ ವ್ಯತ್ಯಾಸವಿದೆ. ನಾಕೌಟಿನಲ್ಲಿ ಡ್ರಾ ಎಂಬುದೇ ಇಲ್ಲ. ಗುಂಪಿನಲ್ಲಾದರೆ 2–1 ಹಿಂದಿರುವ ಆಟಗಾರರಿಗೆ ನಾಲ್ಕನೆಯ ಫ್ರೇಮ್ ಒಂದು ಅಂಕ ಉಳಿಸಿಕೊಳ್ಳುವ ಹೋರಾಟ. ಮುಂದಿರುವವರಿಗೆ ಎರಡು ಅಂಕ ಕೈತಪ್ಪದಂತೆ ಕಾಯುವ ಹೋರಾಟ. ದೂರದ ಕೆಂಪು ಚೆಂಡಿಗೆ ಕೈಹಾಕಬೇಕೋ, ಕ್ಯೂ ಬಾಲನ್ನು ಬಾಲ್ಕ್ ಕುಶನ್ನಿಗೆ ಅಂಟಿಸಿ, ಎದುರಾಳಿಗೆ ಸುಲಭದ ಹೊಡೆತ ಸಿಗದಂತೆ ಸೇಫ್ಟಿ ಆಡಬೇಕೋ ಎಂಬ ಪ್ರತಿ ನಿರ್ಧಾರದ ಹಿಂದೆ ಅಂಕಪಟ್ಟಿ ಇರುತ್ತದೆ. ಪಕ್ಕದ ಟೇಬಲ್ಲಿನಲ್ಲಿ ಏನಾಗುತ್ತಿದೆ ಎಂಬುದೂ ಇಲ್ಲಿ ಮುಖ್ಯ.

ಗುಂಪು ಹಂತ ಮೂಲತಃ ಆಟಗಾರರಿಗೆ ಕೊಡುವುದು ಸಮಯವನ್ನು. ಸ್ನೂಕರಿನಲ್ಲಿ ಆ ಸಮಯಕ್ಕೆ ಯಾಕಿಷ್ಟು ಬೆಲೆ ಎಂಬುದು ಟೇಬಲ್ಲನ್ನು ನೋಡಿದರೆ ತಿಳಿಯುತ್ತದೆ. ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲದ ಟೇಬಲ್ಲಿನ ಹಸಿರು ಉಣ್ಣೆ ಬಟ್ಟೆಯ ಕೆಳಗೆ ಸ್ಲೇಟ್ ಕಲ್ಲಿನ ಚಪ್ಪಡಿಗಳಿವೆ. ಚೆಂಡುಗಳು ಕೇವಲ 52.5 ಮಿಲಿಮೀಟರ್ ವ್ಯಾಸದವು. ಬಟ್ಟೆ ತೇವ ಹೀರಿದರೆ ಚೆಂಡಿನ ಓಟ ನಿಧಾನವಾಗುತ್ತದೆ, ಕುಶನ್ನಿನ ಪುಟಿತವೂ ಬದಲಾಗುತ್ತದೆ. ವೃತ್ತಿಪರ ಪಂದ್ಯಾಟಗಳಲ್ಲಿ ಸ್ಲೇಟಿನ ಅಡಿಗೆ ಹೀಟರುಗಳನ್ನಿಟ್ಟು ಬಟ್ಟೆಯನ್ನು ಒಣಗಿಸಿಯೇ ಇಡುತ್ತಾರೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಬೇಸಿಗೆಯಲ್ಲೂ ಕಡಲ ಗಾಳಿಯ ಆರ್ದ್ರತೆ ಬಿಡದ ಮಂಗಳೂರಿನಲ್ಲಿ ಕೈ ಪಳಗಿಸಿದವರು ಬೆಂಗಳೂರಿನ ಒಣ ಹವೆಯಲ್ಲಿ, ವೇಗದ ಟೇಬಲ್ಲಿನಲ್ಲಿ ಮೊದಲ ಫ್ರೇಮುಗಳನ್ನು ಹದ ಹುಡುಕುವುದರಲ್ಲೇ ಕಳೆಯಬೇಕಾದೀತು. ಎರಡನೆಯ, ಮೂರನೆಯ ಪಂದ್ಯ ಇದ್ದರೆ ಮಾತ್ರ ಆ ಹುಡುಕಾಟಕ್ಕೆ ಫಲ.

ಈ ಆಟ ಹುಟ್ಟಿದ್ದೇ ಭಾರತದಲ್ಲಿ ಎಂಬುದನ್ನೂ ಇಲ್ಲಿ ನೆನೆಯಬೇಕು. 1875ರಲ್ಲಿ ಜಬಲ್ಪುರದ ಸೇನಾ ಶಿಬಿರದಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಬ್ರಿಟಿಷ್ ಅಧಿಕಾರಿ ಬಿಲಿಯರ್ಡ್ಸ್ ಟೇಬಲ್ಲಿಗೆ ಬಣ್ಣದ ಚೆಂಡುಗಳನ್ನು ಸೇರಿಸಿ ಆಡಿದ ಆಟ ಸ್ನೂಕರ್ ಆಯಿತು. ಮುಂದೆ ಅದರ ನಿಯಮಗಳು ರೂಪುಗೊಂಡದ್ದು ಊಟಿಯ ಕ್ಲಬ್ಬಿನಲ್ಲಿ, ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡು ಹಾದು ಹೋದರೆ ಸಿಗುವ ಅದೇ ಊಟಿಯಲ್ಲಿ.

ಕರ್ನಾಟಕಕ್ಕೆ ಗುಂಪು ಹಂತದ ದೊಡ್ಡ ಸ್ನೂಕರ್ ಹತ್ತಿರದಿಂದ ಕಂಡದ್ದು ಅಂತರರಾಷ್ಟ್ರೀಯ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಫೆಡರೇಶನ್ನಿನ ವಿಶ್ವ ಚಾಂಪಿಯನ್‌ಶಿಪ್‌ಗಳಲ್ಲಿ. ಇವು ಹವ್ಯಾಸಿಗಳ ಪಂದ್ಯಾಟ. ಆದರೆ ಇಲ್ಲಿ ಗೆದ್ದವರಿಗೆ ವೃತ್ತಿಪರ ಸರ್ಕ್ಯೂಟಿನ ಬಾಗಿಲು ತೆರೆಯುತ್ತಿತ್ತು. ಹಲವು ದೇಶಗಳವರು ಮೊದಲು ಗುಂಪುಗಳಲ್ಲಿ ಆಡಿ, ಮೇಲಿನ ಸ್ಥಾನ ಪಡೆದವರು ನಾಕೌಟಿಗೆ ಹೋಗುವ ಕ್ರಮ. ಬೆಂಗಳೂರು ಇದನ್ನು 2011ರಲ್ಲಿ ಮತ್ತು 2014ರಲ್ಲಿ ನಡೆಸಿತು. ಎರಡೂ ಸಲ ಫೈನಲ್ ಕೊನೆಯ ಫ್ರೇಮಿನವರೆಗೆ ಎಳೆಯಿತು, ಎರಡೂ ಸಲ ಗೆದ್ದವರು ಹದಿಹರೆಯದವರು. 2011ರಲ್ಲಿ ಇರಾನಿನ ಹೊಸೇನ್ ವಫಾಯಿ ವೇಲ್ಸ್‌ನ ಲೀ ವಾಕರ್ ಅವರನ್ನು 10–9ರಿಂದ ಮಣಿಸಿದರು. 2014ರಲ್ಲಿ 14 ವರ್ಷದ ಚೀನಾದ ಹುಡುಗ ಯಾನ್ ಬಿಂಗ್‌ಟಾವೊ, ಪಾಕಿಸ್ತಾನದ ಮುಹಮ್ಮದ್ ಸಜ್ಜಾದ್ ಎದುರು 8–7ರಿಂದ ಗೆದ್ದ. ಮಹಿಳೆಯರಲ್ಲಿ ಆ ವರ್ಷ ಬೆಲ್ಜಿಯಂನ ವೆಂಡಿ ಯಾನ್ಸ್ ಚಾಂಪಿಯನ್.

ವಫಾಯಿ 2022ರಲ್ಲಿ ತಮ್ಮ ಮೊದಲ ರ‍್ಯಾಂಕಿಂಗ್ ಪ್ರಶಸ್ತಿ ಗೆದ್ದದ್ದು ‘ಶೂಟ್ ಔಟ್’ ಎಂಬ ಪಂದ್ಯಾಟದಲ್ಲಿ. ಅದು ಗುಂಪು ಹಂತಕ್ಕೆ ತೀರ ವಿರುದ್ಧ ತುದಿ: ಹತ್ತು ನಿಮಿಷದ ಒಂದೇ ಫ್ರೇಮ್, ಸೋತರೆ ಹೊರಗೆ. ಯಾನ್ 2021ರಲ್ಲಿ ಪ್ರತಿಷ್ಠಿತ ಮಾಸ್ಟರ್ಸ್ ಗೆದ್ದ. ಆದರೆ 2023ರಲ್ಲಿ ಮ್ಯಾಚ್ ಫಿಕ್ಸಿಂಗ್ ಪ್ರಕರಣದಲ್ಲಿ ಐದು ವರ್ಷಗಳ ನಿಷೇಧಕ್ಕೆ ಒಳಗಾದ. ಬೆಂಗಳೂರಿನಲ್ಲಿ ಬೆಳಗಿದ ಪ್ರತಿಭೆಯೊಂದು ಹೀಗೆ ಮಂಕಾದದ್ದು ನೋವಿನ ಸಂಗತಿ.

ಬೆಂಗಳೂರಿನಲ್ಲಿ ಅರವಿಂದ ಸವೂರ್ ಅವರ ಗರಡಿಯಲ್ಲಿ ಪಳಗಿದ ಪಂಕಜ್ ಅಡ್ವಾಣಿ ಇದೇ ಹವ್ಯಾಸಿ ವಿಶ್ವ ಸ್ನೂಕರ್ ಪ್ರಶಸ್ತಿಯನ್ನು ಮೊದಲು ಗೆದ್ದದ್ದು 2003ರಲ್ಲಿ, ಚೀನಾದ ಜಿಯಾಂಗ್‌ಮೆನ್‌ನಲ್ಲಿ, ಹದಿನೆಂಟರ ವಯಸ್ಸಿನಲ್ಲಿ. 2015ರಲ್ಲಿ ಈಜಿಪ್ಟಿನ ಹುರ್ಗಾದಾದಲ್ಲಿ ಅವರು ಫೈನಲಿನಲ್ಲಿ ಸೋಲಿಸಿದ ಝಾವೊ ಷಿನ್‌ಟಾಂಗ್, 2025ರಲ್ಲಿ ಶೆಫೀಲ್ಡಿನ ವೃತ್ತಿಪರ ವಿಶ್ವ ಚಾಂಪಿಯನ್ ಆದರು. ಅಡ್ವಾಣಿ ಸ್ವತಃ 2012ರಿಂದ ಎರಡು ಋತುಗಳ ಕಾಲ ವೃತ್ತಿಪರ ಸರ್ಕ್ಯೂಟಿನಲ್ಲಿ ಆಡಿ, 2013ರ ವೆಲ್ಷ್ ಓಪನ್ನಿನ ಕ್ವಾರ್ಟರ್ ಫೈನಲ್ ತಲುಪಿದ್ದರು. ಬಿಲಿಯರ್ಡ್ಸನ್ನೂ ಬಿಡದೆ ಉಳಿಸಿಕೊಂಡ ಅವರು 2024ರ ನವೆಂಬರಿನಲ್ಲಿ ದೋಹಾದಲ್ಲಿ 28ನೆಯ ವಿಶ್ವ ಪ್ರಶಸ್ತಿ ಪಡೆದರು.

ರಾಜ್ಯದ ಮಹಿಳೆಯರೂ ಹಿಂದೆ ಉಳಿದಿಲ್ಲ. ಉಮಾದೇವಿ ನಾಗರಾಜ್ 2012ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಚಾಂಪಿಯನ್ ಆದರು. ವಿದ್ಯಾ ಪಿಳ್ಳೈ 2017ರಲ್ಲಿ ಸಿಂಗಪುರದ ಮಹಿಳಾ ವಿಶ್ವ ಸ್ನೂಕರ್ ಫೈನಲಿನಲ್ಲಿ ಹಾಂಗ್‌ಕಾಂಗ್‌ನ ಎನ್‌ಜಿ ಆನ್ ಯೀ ಎದುರು 6–5ರಿಂದ, ಒಂದೇ ಫ್ರೇಮಿನ ಅಂತರದಲ್ಲಿ ಪ್ರಶಸ್ತಿ ಕಳೆದುಕೊಂಡರು. ಕೀರ್ತನಾ ಪಾಂಡಿಯನ್ 2018ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ 16ರ ಕೆಳಗಿನ ಬಾಲಕಿಯರ ವಿಶ್ವ ಪ್ರಶಸ್ತಿ ಗೆದ್ದರು. ಈ ಹೆಸರುಗಳೆಲ್ಲ ಬೆಂಗಳೂರಿನ ಸುತ್ತಲೇ ನಿಂತಿವೆ. ಟೇಬಲ್, ತರಬೇತಿ, ಪಂದ್ಯಾಟ ಮೂರೂ ಸಿಗುವುದು ಅಲ್ಲೇ.

ಮಂಗಳೂರಿಗೆ ವೃತ್ತಿಪರ ಸ್ನೂಕರ್ ಅತಿ ಸಮೀಪ ಬಂದದ್ದು 2019ರಲ್ಲಿ. ಅದೇ ಕರಾವಳಿಯ ದಕ್ಷಿಣಕ್ಕೆ, ಕೊಚ್ಚಿಯಲ್ಲಿ ಇಂಡಿಯನ್ ಓಪನ್ ನಡೆದಾಗ. ಮ್ಯಾಥ್ಯೂ ಸೆಲ್ಟ್ ಫೈನಲಿನಲ್ಲಿ ಚೀನಾದ ಲ್ಯು ಹಾವ್‌ಟಿಯಾನ್ ಅವರನ್ನು 5–3ರಿಂದ ಸೋಲಿಸಿ ಮೊದಲ ರ‍್ಯಾಂಕಿಂಗ್ ಪ್ರಶಸ್ತಿ ಪಡೆದರು. ಅದು ನಾಕೌಟ್ ಪಂದ್ಯಾಟ. ಇಂಗ್ಲೆಂಡಿನಿಂದ ಅಷ್ಟು ದೂರ ಹಾರಿ ಬಂದವರಲ್ಲೂ ಕೆಲವರು ಒಂದೇ ಪಂದ್ಯ ಆಡಿ ವಿಮಾನ ಹತ್ತಿದರು.

ಗುಂಪು ಹಂತದಲ್ಲಿ ದೋಷಗಳಿಲ್ಲವೆಂದಲ್ಲ. ಮೊದಲ ಎರಡು ಪಂದ್ಯ ಸೋತವರಿಗೆ ಮೂರನೆಯದರಲ್ಲಿ ಪಣಕ್ಕಿಡಲು ಬಹಳಷ್ಟು ಇರುವುದಿಲ್ಲ. ಅವರು ಸಡಿಲವಾಗಿ ಆಡಿದರೆ ಎದುರಾಳಿಗೆ ಸುಲಭದ ಮೂರು ಅಂಕ, ಅದರಿಂದ ಮೂರನೆಯವರೊಬ್ಬರ ಅವಕಾಶ ಹೋಗಬಹುದು. ಬೆಟ್ಟಿಂಗ್ ನೆರಳು ಇರುವ ವೃತ್ತಿಪರ ಆಟದಲ್ಲಿ ಇಂಥ ಪಂದ್ಯಗಳ ಮೇಲೆ ಕಣ್ಣಿಡಬೇಕಾಗುತ್ತದೆ. ನಾಲ್ಕೇ ಫ್ರೇಮುಗಳ ಪಂದ್ಯದಲ್ಲಿ ದೀರ್ಘ ಪಂದ್ಯದ ತಾಳ್ಮೆ, ಏರಿಳಿತಗಳು ಕಾಣುವುದಿಲ್ಲ ಎಂಬ ಆಕ್ಷೇಪವೂ ನ್ಯಾಯವಾದದ್ದೇ. ಶೆಫೀಲ್ಡಿನ ವಿಶ್ವ ಚಾಂಪಿಯನ್‌ಶಿಪ್ ಫೈನಲ್ 35 ಫ್ರೇಮುಗಳದ್ದು, ಅದಕ್ಕೆ ಅದರದೇ ಗಾಂಭೀರ್ಯವಿದೆ. ಆದರೆ ಆ ಎತ್ತರಕ್ಕೆ ಹೋಗುವ ಮೊದಲು ಆಟಗಾರರು ತಯಾರಾಗಬೇಕಲ್ಲ? ಬೇರೆ ಬೇರೆ ಶೈಲಿಯ ಎದುರಾಳಿಗಳನ್ನು ಎದುರಿಸಿ ಕಲಿಯುವುದಕ್ಕೆ ಗುಂಪಿಗಿಂತ ಒಳ್ಳೆಯ ದಾರಿಯಿಲ್ಲ.

ಬೆಂಗಳೂರಿನವರೆಗೆ ಹೋಗದೆಯೂ ಈ ಅನುಕೂಲ ಸಿಗುವಂತೆ ಮಾಡುವುದು ಕಷ್ಟವಲ್ಲ. ಎರಡು ಟೇಬಲ್ ಇರುವ ಮಂಗಳೂರಿನ ಯಾವುದೇ ಕ್ಲಬ್ ನಾಲ್ವರ ಗುಂಪೊಂದನ್ನು ಒಂದು ಭಾನುವಾರದಲ್ಲಿ ಆಡಿಸಬಹುದು. ಹವ್ಯಾಸಿಗಳ ಫ್ರೇಮಿಗೆ ಅರ್ಧ ಗಂಟೆ ಹಿಡಿದರೂ ನಾಲ್ಕು ಫ್ರೇಮಿಗೆ ಎರಡು ಗಂಟೆ. ಏಕಕಾಲಕ್ಕೆ ಎರಡು ಪಂದ್ಯದಂತೆ ಮೂರು ಸರದಿಗೆ ಆರು ಗಂಟೆ. ಬೆಳಗ್ಗೆ ಹತ್ತಕ್ಕೆ ಶುರುವಾದರೆ, ಊಟದ ಬಿಡುವೂ ಸೇರಿ, ಸಂಜೆ ಐದರೊಳಗೆ ಗುಂಪಿನ ವಿಜೇತರು ಯಾರೆಂದು ತಿಳಿಯುತ್ತದೆ. ಹದಿನಾರು ಮಂದಿಗೆ ನಾಲ್ಕು ಭಾನುವಾರ, ಐದನೆಯದು ನಾಲ್ಕು ವಿಜೇತರ ಗುಂಪಿಗೆ. ನಾಕೌಟಿನಲ್ಲಾದರೆ 15 ಪಂದ್ಯ. ಹೀಗೆ ಆಡಿಸಿದರೆ 30. ಗೋಡೆಯ ಮೇಲೊಂದು ಅಂಕಪಟ್ಟಿ, ಗೆಲುವಿಗೆ ಮೂರು, ಡ್ರಾಗೆ ಒಂದು ಎಂಬ ನಿಯಮ, ಮಳೆಗಾಲ ಕಳೆದು ಬಟ್ಟೆ ಒಣಗುವ ನವೆಂಬರ್, ಡಿಸೆಂಬರ್ ತಿಂಗಳು: ಇಷ್ಟಿದ್ದರೆ ಮೊದಲ ಋತು ಆರಂಭಿಸಬಹುದು.