ಅಬ್ಬಿಗೇರಿ ಎಂಬ ಅಡ್ಡಹೆಸರು

ಮನುಷ್ಯರಿಗೆ ಅಡ್ಡಹೆಸರು ಎಲ್ಲಿಂದ ಬರುವುದು? ಫಿಲಿಪ್ಪೀನ್ಸ್ ದ್ವೀಪಗಳಲ್ಲಿ ಅದು ಬಹುಮಟ್ಟಿಗೆ ಸರ್ಕಾರದಿಂದ ಬಂದಿತು. 1849ರಲ್ಲಿ ಅಲ್ಲಿಯ ಸ್ಪೇನಿನ ಗವರ್ನರನಾದ ಕ್ಲಾವೆರಿಯಾ ಎಂಬವನು ಹೆಸರುಗಳ ದೊಡ್ಡ ಪಟ್ಟಿಯೊಂದನ್ನು ಮಾಡಿಸಿ ಊರೂರಿಗೆ ಹಂಚಿಸಿದನು. ಕೆಲವು ಊರುಗಳಲ್ಲಿ ಬಹುಮಂದಿಯ ಹೆಸರು ಒಂದೇ ಅಕ್ಷರದಿಂದ ಮೊದಲಾಗುವುದಕ್ಕೆ ಇದೇ ಕಾರಣವು.

ನಮ್ಮ ಉತ್ತರ ಕರ್ನಾಟಕದಲ್ಲಿಯಾದರೋ ಅದು ಅನೇಕ ವೇಳೆ ನೆರೆಹೊರೆಯವರ ಬಾಯಿಂದ ಬಂದುದು. ಗದಗ ಜಿಲ್ಲೆಯ ಅಬ್ಬಿಗೇರಿ ಗ್ರಾಮದೊಳಗೆ ಒಬ್ಬನನ್ನು ಅಬ್ಬಿಗೇರಿಯವನೆಂದು ಗುರುತಿಸಬೇಕಾದುದಿಲ್ಲ, ಎಲ್ಲರೂ ಅಲ್ಲಿಯವರೇ. ಅಲ್ಲಿಂದ ಹೊರಟು ಬೇರೆಡೆ ನೆಲಸಿದವನನ್ನೇ ಜನರು ಹಾಗೆ ಕರೆಯುವರು. ಮುಂದೆ ಅದೇ ಮಕ್ಕಳಿಗೂ ನಿಲ್ಲುವುದು. ಬಾದಾಮಿ, ಹುಬ್ಬಳ್ಳಿ, ಸವದತ್ತಿ ಎಂಬ ಅಡ್ಡಹೆಸರುಗಳೂ ಹೀಗೆಯೇ. ಒಂದೇ ಊರಿನಿಂದ ಹಲವು ಜಾತಿಮತಗಳವರು ಹೊರಡುವುದರಿಂದ, ಇಂಥ ಒಂದು ಹೆಸರುಳ್ಳವರೆಲ್ಲರೂ ರಕ್ತಸಂಬಂಧಿಗಳೆಂದು ತಿಳಿಯಲಾಗದು.

ಹಳೆಯ ಮೈಸೂರು ಸೀಮೆಯ ಪದ್ಧತಿಯು ಬೇರೆ. ಬೆಂಗಳೂರಿನ ಉತ್ತರಭಾಗದ ನಮ್ಮ ಅಬ್ಬಿಗೆರೆಯಂಥ ಊರಿನ ಹೆಸರು ಇಲ್ಲಿ ಮನುಷ್ಯನ ಹೆಸರಿನ ಮುಂದೆ ಬಂದು, 'ಅ' ಎಂಬ ಒಂದಕ್ಷರಕ್ಕೆ ಇಳಿಯುವುದುಂಟು. ಅಬ್ಬಿ ಎಂದರೆ ಧುಮುಕುವ ನೀರು. ಕೆರೆಯೆಂಬುದು ಸಂಧಿಯಲ್ಲಿ ಗೆರೆಯಾಗಿದೆ. ಒಂದಕ್ಷರದಲ್ಲಿ ಆ ನೀರೂ ಕಾಣದು, ಕೆರೆಯೂ ಕಾಣದು. ಮದುವೆಯಾದ ಹೆಣ್ಣಿಗೆ ಆ ಅಕ್ಷರವೂ ಅನೇಕ ವೇಳೆ ಉಳಿಯದು. ಆದುದರಿಂದ ವಿದ್ಯಾರ್ಥಿನಿಯರು ತಮ್ಮ ಅಜ್ಜಿಯ ತವರೂರು ಯಾವುದೆಂದು ಈಗಲೇ ಕೇಳಿ, ಪೂರ್ಣಾಕ್ಷರಗಳಲ್ಲಿ ಬರೆದಿಟ್ಟುಕೊಳ್ಳುವುದು ಲೇಸು.