ವಾರ್ಡು ಮತ್ತು ಛ್ಯೂ: ನಗರದೊಳಗಿನ ಆಡಳಿತ

ನಗರಸಭೆಗೆ ಅಥವಾ ಮಹಾನಗರಪಾಲಿಕೆಗೆ ಒಬ್ಬ ಸದಸ್ಯರನ್ನು ಆರಿಸಿ ಕಳಿಸುವ ಕ್ಷೇತ್ರವೇ ವಾರ್ಡು. ಚೀನಾದ ನಗರಗಳಲ್ಲಿರುವ ‘ಛ್ಯೂ’ ಎಂಬ ವಿಭಾಗವೂ ಇಂಥದ್ದೇ ಎಂದು ಅನೇಕರು ಭಾವಿಸುತ್ತಾರೆ. ಆದರೆ ಶಾಂಘೈನ ಪುಡೊಂಗ್ ಎಂಬ ಒಂದೇ ಛ್ಯೂನಲ್ಲಿ 50 ಲಕ್ಷಕ್ಕೂ ಹೆಚ್ಚು ಜನರಿದ್ದರೆ, ಶಿವಮೊಗ್ಗ ನಗರದ ಒಟ್ಟು ಜನಸಂಖ್ಯೆಯೇ 2011ರ ಜನಗಣತಿಯಂತೆ 3,22,650.

ವ್ಯತ್ಯಾಸವಿರುವುದು ಗಾತ್ರದಲ್ಲಷ್ಟೇ ಅಲ್ಲ. ಶಿವಮೊಗ್ಗದ ವಿನೋಬನಗರದ ನಿವಾಸಿಯು ಖಾತೆಗೂ ಆಸ್ತಿ ತೆರಿಗೆಗೂ ಮಹಾನಗರಪಾಲಿಕೆಗೆ, ಬಡಾವಣೆಯ ನಕ್ಷೆಗೆ ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ, ವಿದ್ಯುತ್ತಿಗೆ ಮೆಸ್ಕಾಂಗೆ ಹೋಗಬೇಕಾಗುತ್ತದೆಯೇ ಹೊರತು ವಾರ್ಡಿಗೆಂದು ಪ್ರತ್ಯೇಕ ಖಜಾನೆಯಾಗಲಿ ಅಧಿಕಾರಿವರ್ಗವಾಗಲಿ ಇರುವುದಿಲ್ಲ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡು ಸಮಿತಿಗಳಿರಬೇಕೆಂದು ಸಂವಿಧಾನದ 243ಎಸ್ ವಿಧಿ ಹೇಳುತ್ತದೆ; ಶಿವಮೊಗ್ಗ ಈ ಗೆರೆಯನ್ನು ಕೂದಲೆಳೆಯಲ್ಲಿ ದಾಟಿದ್ದರೆ, 1,51,102 ಜನರಿದ್ದ ಭದ್ರಾವತಿ ಅದರ ಹೊರಗೇ ಉಳಿದಿದೆ.

ಛ್ಯೂ ಆದರೋ ತನ್ನದೇ ಜನಪ್ರತಿನಿಧಿ ಸಭೆ, ಆಯವ್ಯಯ ಮತ್ತು ಇಲಾಖೆಗಳುಳ್ಳ ಸರ್ಕಾರ. ಮತದಾರರು ನೇರವಾಗಿ ಆರಿಸುವುದು ಈ ಸಭೆಯ ಸದಸ್ಯರನ್ನು, ನಗರದ ಸಭೆಗೆ ಪ್ರತಿನಿಧಿಗಳನ್ನು ಕಳಿಸುವವರು ಆ ಸದಸ್ಯರು. ಆದರೂ ಛ್ಯೂ ಮುಖ್ಯಸ್ಥರಿಗಿಂತ ಅಲ್ಲಿನ ಕಮ್ಯುನಿಸ್ಟ್ ಪಕ್ಷದ ಕಾರ್ಯದರ್ಶಿಯ ಮಾತೇ ಮೇಲೆಂಬುದನ್ನು ಮರೆತರೆ ಕಾಗದದ ಮೇಲಿನ ಚಿತ್ರವಷ್ಟೇ ಸಿಕ್ಕಂತಾಗುತ್ತದೆ. ಬೀದಿಮಟ್ಟದಲ್ಲಿ ಛ್ಯೂ ತೆರೆದಿರುವ ಶಾಖಾ ಕಚೇರಿಗಳೂ ಅವುಗಳ ಕೆಳಗೆ ನಿವಾಸಿಗಳ ಸಮಿತಿಗಳೂ ಇರುತ್ತವೆ.

ಓದುಗರು ಹೆಚ್ಚಾಗಿ ಎಡವುವುದು ಇನ್ನೊಂದು ಕಡೆ. ಕರ್ನಾಟಕದಲ್ಲಿ ಜಿಲ್ಲೆಯ ಒಳಗೆ ನಗರವಿದ್ದರೆ, ಚೀನಾದಲ್ಲಿ, ವಿಶೇಷವಾಗಿ 1983ರಿಂದ ವ್ಯಾಪಕವಾದ ವ್ಯವಸ್ಥೆಯಲ್ಲಿ, ನಗರದ ಒಳಗೇ ಗ್ರಾಮೀಣ ತಾಲ್ಲೂಕುಗಳಂಥ ‘ಶ್ಯೆನ್’ಗಳಿರುತ್ತವೆ. ಆ ಪದ್ಧತಿಯನ್ನು ಇಲ್ಲಿಗೆ ತಂದರೆ ಏಳು ತಾಲ್ಲೂಕುಗಳ ಇಡೀ ಜಿಲ್ಲೆಯೇ ‘ಶಿವಮೊಗ್ಗ ನಗರ’ವೆನಿಸಿ, ಈಗಿನ ಶಿವಮೊಗ್ಗ ಮತ್ತು ಭದ್ರಾವತಿಗಳು ಅದರ ಎರಡು ಛ್ಯೂಗಳಾಗಿ, ಸಾಗರ, ಸೊರಬ, ತೀರ್ಥಹಳ್ಳಿಗಳು ಶ್ಯೆನ್‌ಗಳಾಗುತ್ತಿದ್ದವು, ಆಗುಂಬೆಯ ಕಾಡೂ ನಗರದ ಲೆಕ್ಕಕ್ಕೇ ಸೇರುತ್ತಿತ್ತು! ಚೀನಾದ ನಗರಗಳ ಜನಸಂಖ್ಯೆಯ ಅಂಕಿಗಳು ಬೆರಗು ಹುಟ್ಟಿಸುವುದಕ್ಕೆ ಅರ್ಧ ಕಾರಣ ಇದೇ. ಶ್ಯೆನ್‌ಗಳನ್ನು ಛ್ಯೂಗಳಾಗಿ ಪರಿವರ್ತಿಸುವ ಕ್ರಮವೂ ಬೆಳೆದುಬಂದಿದ್ದು, ಹೊಲಗದ್ದೆಗಳಿಂದ ತುಂಬಿದ ಛೊಂಗ್‌ಮಿಂಗ್ ದ್ವೀಪ 2016ರಲ್ಲಿ ಶಾಂಘೈನ ಛ್ಯೂ ಆಯಿತು. ಆದ್ದರಿಂದ ಛ್ಯೂ ಎಂದೊಡನೆ ಒತ್ತೊತ್ತಾದ ಪೇಟೆಬೀದಿಗಳನ್ನೇ ಕಲ್ಪಿಸಿಕೊಳ್ಳುವುದು ಸಲ್ಲದು.

ಕರ್ನಾಟಕದಲ್ಲಿ ಛ್ಯೂಗೆ ಸ್ವಲ್ಪವಾದರೂ ಹತ್ತಿರ ಬರುವುದು, ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ 2025ರಲ್ಲಿ ರಚನೆಯಾದ ಐದು ನಗರಪಾಲಿಕೆಗಳ ಏರ್ಪಾಡು. ಒಂದೇ ಮಹಾನಗರದೊಳಗಿನ ಸಂಸ್ಥೆಗಳ ನಡುವೆ ತೆರಿಗೆ, ಸಿಬ್ಬಂದಿ ಮತ್ತು ಹೊಣೆಗಳು ಹೇಗೆ ಹಂಚಿಕೆಯಾಗುತ್ತವೆಂಬುದನ್ನು ಬೆಂಗಳೂರು ಮತ್ತು ಶಾಂಘೈಗಳ ಆಯವ್ಯಯ ಪತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿ ತಿಳಿಯುವ ಕೆಲಸವನ್ನು ಕನ್ನಡದ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬೇಕಾಗಿದೆ.