ಕಾಫಿ ಕುಡಿದು ಕೂತರೆ ಒಂದು ಲೆಕ್ಕ, ನಡೆದರೆ ಇನ್ನೊಂದು

"ನನಗೆ ಸಕ್ಕರೆ ಖಾಯಿಲೆ ಉಂಟು, ಆದರೆ ಕಾಫಿಗೆ ಸಕ್ಕರೆ ಹಾಕುವುದಿಲ್ಲ, ಹಾಗಾಗಿ ಎಷ್ಟು ಕುಡಿದರೂ ತೊಂದರೆ ಇಲ್ಲ" ಎನ್ನುವವರು ಮಂಗಳೂರಿನಲ್ಲಿ ಬಹಳ ಮಂದಿ. ಚಿಕ್ಕಮಗಳೂರು, ಕೊಡಗಿನ ಬೀಜ 19ನೇ ಶತಮಾನದಿಂದಲೂ ಘಟ್ಟ ಇಳಿದು ನಮ್ಮ ಊರಿನ ಕ್ಯೂರಿಂಗ್ ಕಾರ್ಖಾನೆಗಳಿಗೆ, ಅಲ್ಲಿಂದ ಹಡಗಿಗೆ ಹೋಗುತ್ತಿತ್ತು. ಕಾಫಿ ನಮಗೆ ಹೊಸತಲ್ಲ. ಆದರೆ ಅದರಲ್ಲಿರುವ ಕೆಫೀನ್ ನಮ್ಮ ಸ್ನಾಯುಗಳಿಗೆ ಏನು ಮಾಡುತ್ತದೆ ಎಂಬುದು ಅನೇಕರಿಗೆ ತಿಳಿದಿಲ್ಲ.

ಊಟದ ನಂತರ ರಕ್ತಕ್ಕೆ ಬರುವ ಗ್ಲೂಕೋಸಿನ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಸ್ನಾಯುಗಳೇ. ಸುಮ್ಮನೆ ಕೂತಿರುವಾಗ ಇನ್ಸುಲಿನ್ ಬಂದು ತಟ್ಟಿದರೆ ಮಾತ್ರ ಸ್ನಾಯುವಿನ ಬಾಗಿಲು ಸರಿಯಾಗಿ ತೆರೆಯುತ್ತದೆ. ಕೆಫೀನ್ ದೇಹದಲ್ಲಿ ಅಡ್ರಿನಲಿನ್ ಹೆಚ್ಚಿಸುತ್ತದೆ, ಅಡೆನೋಸಿನ್ ಎಂಬ ವಸ್ತುವಿನ ಕೆಲಸಕ್ಕೂ ಅಡ್ಡ ಬರುತ್ತದೆ. ಆಗ ಇನ್ಸುಲಿನ್ ಎಷ್ಟು ತಟ್ಟಿದರೂ ಬಾಗಿಲು ಅರ್ಧವೇ ತೆರೆದ ಹಾಗೆ. 2001ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ, ವ್ಯಾಯಾಮದ ಅಭ್ಯಾಸವಿಲ್ಲದ ಆರೋಗ್ಯವಂತ ಯುವಕರಿಗೆ ಕೆಫೀನ್ ಕೊಟ್ಟಾಗ ದೇಹ ಗ್ಲೂಕೋಸ್ ಬಳಸುವುದು ಸುಮಾರು ಕಾಲು ಪಾಲು ಕಡಿಮೆಯಾಯಿತು. ಕೊಟ್ಟ ಪ್ರಮಾಣ ದೊಡ್ಡದು: 60 ಕಿಲೋ ತೂಕದವರಿಗೆ 300 ಮಿಲಿಗ್ರಾಂ, ಅಂದರೆ ಮೂರು ಸ್ಟ್ರಾಂಗ್ ಕಾಫಿ ಒಟ್ಟಿಗೆ ಕುಡಿದಷ್ಟು.

(ಸ್ಟ್ರಾಂಗ್ ಅಂದಾಗ ಒಂದು ಮಾತು. ಬಣ್ಣ ನೋಡಿ ಅಳೆಯಬೇಡಿ. ಕಪ್ಪು ಬಣ್ಣ ಕೊಡುವ ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ಕೊಡಗಿನಲ್ಲಿ ಹೆಚ್ಚು ಬೆಳೆಯುವ ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಸುಮಾರು ಎರಡರಷ್ಟು ಉಂಟು.)

ನಡೆಯುವಾಗ, ಹೊಲದಲ್ಲಿ ದುಡಿಯುವಾಗ ಕಥೆಯೇ ಬೇರೆ. ಕೆಲಸ ಮಾಡುವ ಸ್ನಾಯು ಇನ್ಸುಲಿನ್‌ಗಾಗಿ ಕಾಯುವುದಿಲ್ಲ, ಅದು ಒಳಗಿನಿಂದಲೇ ಬಾಗಿಲು ತೆರೆದು ಗ್ಲೂಕೋಸ್ ಎಳೆದುಕೊಳ್ಳುತ್ತದೆ. ಸೈಕಲ್ ತುಳಿಯುವವರ ಮೇಲೆ ನಡೆದ ಪರೀಕ್ಷೆಯಲ್ಲಿ ಕೆಫೀನ್ ಇದನ್ನು ತಡೆಯಲಿಲ್ಲ. 2002ರಲ್ಲಿ ಕೆನಡಾ ಮತ್ತು ಡೆನ್ಮಾರ್ಕಿನ ವಿಜ್ಞಾನಿಗಳು ಇನ್ನೂ ಚೆಂದದ ಒಂದು ಪ್ರಯೋಗ ಪ್ರಕಟಿಸಿದರು. ಒಬ್ಬನೇ ಮನುಷ್ಯನ ಒಂದು ಕಾಲಿಗೆ ಒಂದು ಗಂಟೆ ವ್ಯಾಯಾಮ, ಇನ್ನೊಂದಕ್ಕೆ ವಿಶ್ರಾಂತಿ. ಕೆಲವು ಗಂಟೆ ಕಳೆದು ಕೆಫೀನ್ ಕೊಟ್ಟು ನೋಡಿದರೆ, ದುಡಿದ ಕಾಲಿನಲ್ಲಿ ಅದರ ಕೆಟ್ಟ ಪರಿಣಾಮ ಕಡಿಮೆ ಇತ್ತು.

ಹಾಗಾದರೆ ಕಾಫಿ ಬಿಡಬೇಕೋ? ಅಷ್ಟು ಅವಸರ ಬೇಡ. 2002ರಲ್ಲೇ ನೆದರ್ಲೆಂಡಿನ 17,000ಕ್ಕೂ ಹೆಚ್ಚು ಜನರ ಅಧ್ಯಯನದಲ್ಲಿ, ಬಹಳ ವರ್ಷ ಕಾಫಿ ಕುಡಿಯುವವರಲ್ಲಿ ಸಕ್ಕರೆ ಖಾಯಿಲೆ ಕಡಿಮೆ ಕಂಡಿತು. ಕೆಫೀನ್ ತೆಗೆದ ಕಾಫಿಯಲ್ಲೂ ಇಂಥ ಫಲ ಮುಂದೆ ಕಂಡುಬಂದಿದೆ, ಅಂದರೆ ಒಳ್ಳೆಯದು ಬರುವುದು ಬೀಜದ ಬೇರೆ ಅಂಶಗಳಿಂದ ಇರಬಹುದು. ಆದರೆ ಖಾಯಿಲೆ ಈಗಾಗಲೇ ಇರುವವರು ಎರಡು ಬನ್ಸ್ ತಿಂದು, ಮೇಲಿಂದ ದೊಡ್ಡ ಲೋಟ ಕಾಫಿ ಕುಡಿದು, ಪೇಪರ್ ಹಿಡಿದು ಕೂರುವುದು ನನ್ನ ಪ್ರಕಾರ ಎಲ್ಲಕ್ಕಿಂತ ಕೆಟ್ಟ ಕ್ರಮ. ತಿಂದ ಮೇಲೆ ಹದಿನೈದು ನಿಮಿಷ ಅಂಗಳದಲ್ಲಾದರೂ ನಡೆಯಿರಿ. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ದೂರ ನಡೆಯಲು ಹೊರಟರೆ ಕಿಸೆಯಲ್ಲಿ ಸ್ವಲ್ಪ ಗ್ಲೂಕೋಸ್ ಪುಡಿ ಇರಲಿ. ಕೈ ನಡುಗಿದರೆ, ಎದೆ ಹೊಡೆದುಕೊಂಡರೆ ಕಾಫಿಯದ್ದೆಂದು ಸುಮ್ಮನಿರಬೇಡಿ, ಸಕ್ಕರೆ ಇಳಿದಾಗಲೂ ಹೀಗೆಯೇ ಆಗುತ್ತದೆ.

ಖಾಲಿ ಹೊಟ್ಟೆಯ ರಕ್ತ ಪರೀಕ್ಷೆಗೆ ಹೋಗುವ ದಿನ ಹಾಲು, ಸಕ್ಕರೆ ಹಾಕದ ಕಾಫಿ, ಚಹಾ ಕೂಡ ಬೇಡ. ನೀರು ಮಾತ್ರ ಕುಡಿದು ಹೋಗಿ.